ಕಾಕಟೀಲ್ ಪಂಜರಕ್ಕೆ ಯುವಿ ಟ್ಯೂಬ್: ಬಳ್ಳಾರಿಯ ಪಡಸಾಲೆಯಲ್ಲಿ 14 ತಿಂಗಳ ಬಳಕೆ

ಬಳ್ಳಾರಿಯಂಥ ಊರಿನಲ್ಲಿದ್ದುಕೊಂಡು ಹಕ್ಕಿಗೆ ಬೆಳಕು ಸಾಲದೆಂದು ದೀಪ ಕೊಳ್ಳುವುದೇ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಇಲ್ಲಿ ಬಿಸಿಲಿಗೆ ಬರವಿಲ್ಲ ಎಂಬುದು ನಿಜವೇ, ಆದರೆ ಆ ಬಿಸಿಲಿಗೆ ಹೆದರಿಯೇ ನಾವು ಮನೆಯನ್ನು ಕತ್ತಲು ಮಾಡಿಕೊಳ್ಳುತ್ತೇವೆ. ಮಾರ್ಚ್ ತಿಂಗಳಿಂದ ಮೇ ಮುಗಿಯುವವರೆಗೆ, ಬೆಳಿಗ್ಗೆ ಒಂಬತ್ತಾಗುತ್ತಲೇ ಕಿಟಕಿ ಮುಚ್ಚಿ, ಪರದೆ ಎಳೆದು, ಕೂಲರ್ ಹಾಕಿದರೆ ಮತ್ತೆ ಕಿಟಕಿ ತೆರೆಯುವುದು ಕೋಟೆ ಗುಡ್ಡದ ಬಂಡೆಗಳ ಮೇಲಿನ ಬಿಸಿಲು ಇಳಿದ ಮೇಲೆ. ಉಳಿದ ತಿಂಗಳುಗಳಲ್ಲಿ ರಸ್ತೆಯ ಕೆಂಪು ಧೂಳಿಗಾಗಿ ಗಾಜು ಮುಚ್ಚಿರುತ್ತದೆ. ಗಿಳಿ ಜಾತಿಯ ಜುಟ್ಟಿನ ಹಕ್ಕಿಗಳಾದ ನಮ್ಮ ಎರಡು ಕಾಕಟೀಲ್‌ಗಳು ದಿನದ ಒಂಬತ್ತು ಗಂಟೆಗಳನ್ನು ಹೀಗೆ ಪಡಸಾಲೆಯ ಮಬ್ಬಿನಲ್ಲೇ ಕಳೆಯುತ್ತಿದ್ದವು. ಹೊರಗೆ ಕಣ್ಣು ಕುಕ್ಕುವ ಬೆಳಕಿದ್ದಾಗ ಅವು ಮಧ್ಯಾಹ್ನ ಹನ್ನೆರಡಕ್ಕೇ ಕತ್ತು ಹಿಂದಕ್ಕೆ ತಿರುಗಿಸಿ ಗರಿಯೊಳಗೆ ಕೊಕ್ಕು ಹುದುಗಿಸಿ ಮಲಗಿರುವುದನ್ನು ಕಂಡ ಮೇಲೆ ನಾನು ದೀಪದ ವಿಚಾರಕ್ಕೆ ಕೈಹಾಕಿದೆ.

ಕಳೆದ ವರ್ಷ ಫೆಬ್ರವರಿಯಿಂದ ಇಲ್ಲಿಯವರೆಗೆ ನಾನು ಕೊಂಡದ್ದು ಒಂದು ನೇರಳೆ ಬಣ್ಣದ ಎಲ್‌ಇಡಿ ಬಲ್ಬ್, ಒಂದು ಕಾಂಪ್ಯಾಕ್ಟ್ ಯುವಿ (ನೇರಳಾತೀತ) ಬಲ್ಬ್, ಪಟ್ಟಿಸಮೇತ (ಅಂದರೆ ಟ್ಯೂಬ್ ಕೂರಿಸುವ ಚೌಕಟ್ಟಿನ ಸಮೇತ) ಟಿ5 ಎಂಬ ತೆಳು ಬಗೆಯ ಒಂದು ಯುವಿ ಟ್ಯೂಬ್, ಒಂದು ಬಿಳಿ ಎಲ್‌ಇಡಿ ಬ್ಯಾಟನ್ ಮತ್ತು ಒಂದರ ಹಿಂದೆ ಒಂದು ಎರಡು ಟೈಮರ್. ಇವುಗಳಲ್ಲಿ ಟ್ಯೂಬ್ ನಿಜವಾಗಿಯೂ ಒಳ್ಳೆಯದು, ಅದರ ಪಟ್ಟಿ ಅಷ್ಟಕ್ಕಷ್ಟೆ, ಉಳಿದ ಎರಡು ಬಲ್ಬುಗಳು ದಂಡ. ಆದರೆ ಇದೇ ಒಳ್ಳೆಯ ಟ್ಯೂಬನ್ನು ಮೊದಲ ಮೂರು ವಾರ ತಪ್ಪಾಗಿ ಕಟ್ಟಿದ್ದರಿಂದ ಅದು ಬೀದಿದೀಪಕ್ಕಿಂತ ಹೆಚ್ಚಿನ ಉಪಯೋಗಕ್ಕೆ ಬರಲಿಲ್ಲ. ಆದ್ದರಿಂದ ಯಾವ ದೀಪ ಎಂಬುದರಷ್ಟೇ, ಅದಕ್ಕಿಂತ ಒಂದು ತೂಕ ಹೆಚ್ಚಾಗಿಯೇ, ಅದನ್ನು ಎಲ್ಲಿ ಮತ್ತು ಎಷ್ಟು ಎತ್ತರದಲ್ಲಿ ಕಟ್ಟಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಕ್ಕಿಗೆ ಮನೆಯ ಸಾಮಾನ್ಯ ಟ್ಯೂಬ್‌ಲೈಟ್ ಏಕೆ ಸಾಲದು ಎಂಬುದಕ್ಕೆ ಎರಡು ಕಾರಣಗಳಿವೆ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆಯವಾದರೆ ಹಕ್ಕಿಗಳಲ್ಲಿ ನಾಲ್ಕು ಬಗೆಯವು. ಗಿಳಿ ಜಾತಿಯ ಹಕ್ಕಿಗಳಲ್ಲಿ ಆ ನಾಲ್ಕನೆಯದು ನಮಗೆ ಕಾಣದ ನೇರಳಾತೀತ ಬೆಳಕನ್ನು, ಅಂದರೆ 315ರಿಂದ 400 ನ್ಯಾನೊಮೀಟರ್ ನಡುವಿನ ಯುವಿ-ಎ ಕಿರಣಗಳನ್ನು, ಒಂದು ಬಣ್ಣವಾಗಿಯೇ ಕಾಣುತ್ತದೆ. ಯುವಿ-ಎ ಇಲ್ಲದ ದೀಪದ ಕೆಳಗೆ ಜೊತೆಯ ಹಕ್ಕಿಯ ಗರಿ, ಕಾಳು, ಸೊಪ್ಪು ಎಲ್ಲವೂ ಅವಕ್ಕೆ ಒಂದು ಬಣ್ಣ ಕಳೆದುಕೊಂಡೇ ಕಾಣುತ್ತವೆ. ಇನ್ನೊಂದು ಕಾರಣ ಮೂಳೆಗೆ ಸಂಬಂಧಿಸಿದ್ದು. 280ರಿಂದ 315 ನ್ಯಾನೊಮೀಟರ್ ನಡುವಿನ ಯುವಿ-ಬಿ ಕಿರಣ ಗರಿಯಿಲ್ಲದ ಕಾಲು ಮತ್ತು ಮುಖದ ಚರ್ಮದ ಮೇಲೆ ಬಿದ್ದಾಗ ಹಕ್ಕಿಯ ಮೈ ವಿಟಮಿನ್ ಡಿ3 ತಯಾರಿಸಿಕೊಳ್ಳುತ್ತದೆ; ಅದಿಲ್ಲದೆ ತಿಂದ ಸುಣ್ಣಾಂಶ ಮೈಗೆ ಹತ್ತುವುದಿಲ್ಲ. ನಾವು ಹಾಕುವ ನವಣೆ, ಸಜ್ಜೆ, ಸೂರ್ಯಕಾಂತಿ ಬೀಜಗಳಲ್ಲಿ ಡಿ3 ಇಲ್ಲ, ಸುಣ್ಣಾಂಶವೂ ಕಡಿಮೆ. ಕಿಟಕಿಯ ಪಕ್ಕದಲ್ಲಿ ಪಂಜರ ಇಟ್ಟಿದ್ದೇವಲ್ಲ, ಬಿಸಿಲು ಬೀಳುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಲ್ಲಿ ನಾನೂ ಒಬ್ಬಳಾಗಿದ್ದೆ. ಕಿಟಕಿಯ ಗಾಜು ಶಾಖವನ್ನು ಒಳಗೆ ಬಿಡುತ್ತದೆ, ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆದುಬಿಡುತ್ತದೆ. ಬಳ್ಳಾರಿಯಲ್ಲಿ ಗಾಜಿನ ಹಿಂದೆ ಪಂಜರ ಇಟ್ಟರೆ ಹಕ್ಕಿಗೆ ಸಿಗುವುದು ಬೇಗೆ ಮಾತ್ರ.

ಕೊಳ್ಳಲು ಹೋದಾಗ ಮೊದಲ ಗೊಂದಲ ಶುರುವಾದದ್ದು ಯುವಿ ಎಂಬ ಎರಡಕ್ಷರದಿಂದಲೇ. ಊರಿನಲ್ಲಿ ಹಕ್ಕಿ ಸಾಮಾನು ಸಿಗುವುದು ಹೆಚ್ಚಾಗಿ ಅಕ್ವೇರಿಯಂ ಅಂಗಡಿಗಳಲ್ಲಿ. ನಾನು ಯುವಿ ದೀಪ ಕೊಡಿ ಎಂದು ಕೇಳಿದ ಅಂಗಡಿಯಲ್ಲಿ, ಮೀನಿನ ತೊಟ್ಟಿಯ ನೀರಿನ ಪಾಚಿ ಮತ್ತು ರೋಗಾಣುಗಳನ್ನು ಕೊಲ್ಲಲು ಬಳಸುವ ದೀಪವನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಯುವಿ-ಸಿ ದೀಪ. ಅದರ ಕಿರಣ 254 ನ್ಯಾನೊಮೀಟರ್ ಆಸುಪಾಸಿನದು, ಕೆಲವೇ ನಿಮಿಷಗಳಲ್ಲಿ ಕಣ್ಣನ್ನೂ ಚರ್ಮವನ್ನೂ ಸುಡಬಲ್ಲದು, ಹಕ್ಕಿಯದಷ್ಟೇ ಅಲ್ಲ, ನಮ್ಮದನ್ನೂ. ಕೊರೊನಾ ಕಾಲದಲ್ಲಿ ಕೋಣೆ ಶುದ್ಧಿಗೆಂದು ಮಾರಾಟವಾದ ಯುವಿ ದೀಪಗಳೂ ಇದೇ ಜಾತಿಯವು, ಅವು ಈಗಲೂ ಹಲವು ಮನೆಗಳ ಅಟ್ಟದ ಮೇಲಿವೆ. ಅಂಗಡಿಯವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಕೇಳಿದ ಹೆಸರಿನ ಸಾಮಾನನ್ನೇ ಕೊಟ್ಟಿದ್ದರು. ಡಬ್ಬಿಯ ಮೇಲೆ ಯುವಿ-ಸಿ ಎಂದೋ, 254 ಎಂದೋ, ಕ್ರಿಮಿನಾಶಕ ಎಂಬರ್ಥದ ಮಾತೋ ಇದ್ದರೆ ದಯವಿಟ್ಟು ಅದನ್ನು ಪಂಜರದ ಹತ್ತಿರವೂ ತರಬೇಡಿ.

ಆಮೇಲೆ ಆನ್‌ಲೈನ್‌ನಲ್ಲಿ ತರಿಸಿದ ನೇರಳೆ ಬಲ್ಬ್ ಅಪಾಯಕಾರಿಯಾಗಿರಲಿಲ್ಲ, ಆದರೆ ಉಪಯೋಗವೂ ಇರಲಿಲ್ಲ. ಹಕ್ಕಿಗೆ, ಹಲ್ಲಿಗೆ, ಗಿಡಕ್ಕೆ ಎಲ್ಲಕ್ಕೂ ಆಗುತ್ತದೆ ಎಂದು ಬರೆದಿದ್ದರು, ಯುವಿ-ಬಿ ಎಷ್ಟು ಶೇಕಡಾ ಎಂದು ಎಲ್ಲಿಯೂ ಬರೆದಿರಲಿಲ್ಲ. ಬೆಳಕು ನೇರಳೆಯಾಗಿ ಕಂಡಿತೆಂದರೆ ಅದು ನಮ್ಮ ಕಣ್ಣಿಗೆ ಕಾಣುವ ಬೆಳಕು ಎಂದೇ ಅರ್ಥ. ನಿಜವಾದ ಹಕ್ಕಿ ದೀಪ ಉರಿಯುವಾಗ ಸಾಧಾರಣ ಬಿಳಿ ಬೆಳಕಿನಂತೆಯೇ ಕಾಣುತ್ತದೆ.

ಮೂರನೆಯ ಸಲ ಹಕ್ಕಿಗಳಿಗೆಂದೇ ತಯಾರಾದ ಕಾಂಪ್ಯಾಕ್ಟ್ ಯುವಿ ಬಲ್ಬ್ ತರಿಸಿದೆ, ಬಲ್ಬಿನಲ್ಲಿ ದೋಷವಿರಲಿಲ್ಲ. ದೋಷ ನಾವು ಅದನ್ನು ಹಾಕಿದ ಜಾಗದ್ದು. ಎಲೆಕ್ಟ್ರಿಷಿಯನ್ ಬಂದು ನೋಡಿ, “ಗೋಡೆಗೆ ಹಾಕಿದ್ರೆ ಹಕ್ಕಿಗೆ ನೆಟ್ಟಗೆ ಬೆಳಕು ಬೀಳ್ತೈತ್ರಿ ಮೇಡಂ, ವೈರೂ ಕಾಣಂಗಿಲ್ಲ” ಎಂದರು. ನನಗೂ ಸರಿಯೆನಿಸಿತು. ಪಂಜರದ ಬಲಬದಿಗೆ, ಹಕ್ಕಿಗಳು ಕೂರುವ ಮೇಲಿನ ಕೋಲಿನ ಮಟ್ಟಕ್ಕೇ, ಸುಮಾರು ಎಂಟು ಅಂಗುಲ ದೂರದಲ್ಲಿ ಹೋಲ್ಡರ್ ಕೂತಿತು. ನಾಲ್ಕನೆಯ ದಿನ ಗಂಡು ಹಕ್ಕಿ ಬಲಗಣ್ಣನ್ನು ಅರ್ಧ ಮುಚ್ಚಿಕೊಂಡು ಕೂತಿತ್ತು. ನೋಡುತ್ತಿದ್ದ ಹಾಗೆ ಕೋಲಿನ ಮೇಲೆ ತಿರುಗಿ ದೀಪಕ್ಕೆ ಬೆನ್ನು ಮಾಡಿತು, ಸ್ವಲ್ಪ ಹೊತ್ತಿಗೆ ಕೆನ್ನೆಯನ್ನು ಕೋಲಿಗೆ ತಿಕ್ಕಿತು, ಮತ್ತೆ ಕಣ್ಣು ಮುಚ್ಚಿತು. ಕಿತ್ತಳೆ ಬಣ್ಣದ ಆ ಕೆನ್ನೆಯ ಮೇಲೆ ಸಣ್ಣ ಒದ್ದೆ ಗೆರೆಯೊಂದು ಇತ್ತು. ಪಶುವೈದ್ಯರು ನೋಡಿ, ಇದು ಸೋಂಕಲ್ಲ, ಯುವಿ ಕಿರಣ ನೇರವಾಗಿ ಹೊಡೆದು ಕಣ್ಣಿನ ಮೇಲ್ಪದರ ಉರಿಯುತ್ತಿದೆ, ಮೊದಲು ಆ ದೀಪ ತೆಗೆಯಿರಿ ಎಂದರು. ತೆಗೆದು, ಅವರು ಕೊಟ್ಟ ಹನಿ ಹಾಕಿದ ಮೇಲೆ ವಾರದೊಳಗೆ ಕಣ್ಣು ಸರಿಹೋಯಿತು. ಆ ನಾಲ್ಕು ದಿನ ಹಕ್ಕಿ ಪಟ್ಟ ನೋವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕಾಡಿನಲ್ಲಿ ಬೆಳಕು ಬರುವುದು ಮೇಲಿನಿಂದ. ಹಕ್ಕಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ, ಬದಿಯಿಂದ ಬರುವ ದೀಪಕ್ಕೆ ಅವು ಪೂರ್ತಿಯಾಗಿ ತೆರೆದುಕೊಂಡಿರುತ್ತವೆ. ಮೇಲಿನಿಂದ ಬರುವ ಬೆಳಕಿಗೆ ಹುಬ್ಬಿನ ಏಣು ಅಷ್ಟಿಷ್ಟಾದರೂ ಮರೆಯಾಗುತ್ತದೆ. ಹೀಗಾಗಿ ಯುವಿ ದೀಪ ಪಂಜರದ ನೆತ್ತಿಯ ಮೇಲೆ ಇರಬೇಕು, ಎಂದೂ ಬದಿಗಲ್ಲ.

ಕೊನೆಗೆ ಕೊಂಡದ್ದು ಎರಡಡಿಗೆ ಸ್ವಲ್ಪ ಕಡಿಮೆ ಉದ್ದದ, 24 ವ್ಯಾಟ್‌ನ ಟಿ5 ಟ್ಯೂಬ್. ಕಾಂಪ್ಯಾಕ್ಟ್ ಬಲ್ಬ್ ಒಂದು ಬಿಂದುವಿನಿಂದ ಬೆಳಕು ಸುರಿದರೆ ಟ್ಯೂಬ್ ಪಂಜರದ ಉದ್ದಕ್ಕೂ ಹರಡುತ್ತದೆ; ಹತ್ತಿರ ಹೋದ ಕೂಡಲೇ ಪ್ರಖರತೆ ಒಮ್ಮೆಲೇ ಏರುವುದಿಲ್ಲ, ಎರಡು ಹಕ್ಕಿಗಳು ಒಂದೇ ಜಾಗಕ್ಕಾಗಿ ಜಗಳವಾಡುವುದೂ ಇಲ್ಲ. ಡಬ್ಬಿಯ ಮೇಲೆ ಯುವಿ-ಎ ಮತ್ತು ಯುವಿ-ಬಿ ಪ್ರಮಾಣ ಬೇರೆಬೇರೆಯಾಗಿ ಅಚ್ಚಾಗಿತ್ತು, ಹಕ್ಕಿಯಿಂದ ಎಷ್ಟು ದೂರ ಇರಬೇಕೆಂಬ ಕೋಷ್ಟಕವೂ ಇತ್ತು. ಆ ಕೋಷ್ಟಕ ಇಲ್ಲದ ದೀಪವನ್ನು ಕೊಳ್ಳಬೇಡಿ ಎಂದೇ ನನ್ನ ಸಲಹೆ. ಹಲ್ಲಿ, ಆಮೆಗಳಿಗೆಂದು ಮಾಡಿದ ಟ್ಯೂಬ್‌ಗಳು ನೋಡಲು ಇದೇ ರೀತಿ ಇರುತ್ತವೆ, ಆದರೆ ಮರುಭೂಮಿಯ ಪ್ರಾಣಿಗಳಿಗೆ ಮಾಡಿದವು ಕಾಕಟೀಲ್‌ಗೆ ವಿಪರೀತ ತೀಕ್ಷ್ಣ.

ಟ್ಯೂಬಿನ ಜೊತೆ ಬಂದ ಪಟ್ಟಿಯ ಬಗ್ಗೆ ನನಗೆ ಅಸಮಾಧಾನವಿದೆ. ಅದರ ಒಳಗೆ ಬೆಳಕನ್ನು ಕೆಳಕ್ಕೆ ತಳ್ಳುವ ಹೊಳಪಿನ ಅಲ್ಯೂಮಿನಿಯಂ ತಗಡಿದೆ, ಅದು ಒಳ್ಳೆಯದು. ಆದರೆ ಟ್ಯೂಬಿನ ಕೆಳಗೆ ಧೂಳು ತಾಗದಿರಲೆಂದು ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಕೂರಿಸಿದ್ದರು. ಧೂಳಿನ ಊರಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಖುಷಿಪಟ್ಟು ನಾನು ಅದನ್ನು ಹಾಗೆಯೇ ಬಿಟ್ಟೆ. ಮೂರು ವಾರ ಕಳೆದ ಮೇಲೆ, ಮೂಲೆಯಲ್ಲಿ ಮಡಚಿಟ್ಟಿದ್ದ ಸೂಚನೆಯ ಹಾಳೆಯನ್ನು ಸಮಾಧಾನವಾಗಿ ಓದಿದಾಗ ಗೊತ್ತಾಯಿತು, ಸಾಮಾನ್ಯ ಪ್ಲಾಸ್ಟಿಕ್ಕೂ ಗಾಜಿನಂತೆಯೇ ಯುವಿ-ಬಿಯನ್ನು ನುಂಗುತ್ತದೆ. ಮುಚ್ಚಳ ತೆಗೆದಿಟ್ಟೆ. ಅದೇ ಹಾಳೆಯಲ್ಲಿ ಸಾಗಣೆಗಾಗಿ ಮಾತ್ರ ಈ ಮುಚ್ಚಳ ಎಂದು ಚಿಕ್ಕ ಅಕ್ಷರದಲ್ಲಿ ಇತ್ತು. ಮುಚ್ಚಳದ ಮೇಲೆಯೇ ದಪ್ಪಗೆ ಬರೆಯಬೇಕಾಗಿದ್ದ ಮಾತು ಅದು.

ಪಂಜರದ ಮೇಲ್ಭಾಗದ ತಂತಿ ಜಾಲರಿಯೂ ಸ್ವಲ್ಪ ಕಿರಣವನ್ನು ತಡೆಯುತ್ತದೆ, ಜಾಲರಿಯ ಕಣ್ಣು ಸಣ್ಣದಿದ್ದಷ್ಟೂ ಹೆಚ್ಚು. ಆದರೂ ಟ್ಯೂಬನ್ನು ಪಂಜರದ ಒಳಗೆ ಕಟ್ಟುವ ಹಾಗಿಲ್ಲ, ಕಾಕಟೀಲ್ ವೈರನ್ನು ಕಚ್ಚದೆ ಬಿಡುವುದಿಲ್ಲ. ನಾನು ಮಾಡಿದ ಏರ್ಪಾಡು ಹೀಗಿದೆ: ಛಾವಣಿಯ ಫ್ಯಾನ್ ಕೊಕ್ಕೆಯ ಪಕ್ಕದಲ್ಲಿ ಎರಡು ಕೊಂಡಿ ಹಾಕಿಸಿ, ತೆಳು ಸರಪಳಿಯಿಂದ ಪಟ್ಟಿಯನ್ನು ಇಳಿಬಿಟ್ಟಿದ್ದೇನೆ. ಸರಪಳಿಯ ಒಂದೊಂದೇ ಕಣ್ಣಿ ಏರಿಸಿ ಇಳಿಸಿ ಎತ್ತರ ಹೊಂದಿಸಬಹುದು. ಅಳತೆಯನ್ನು ಪಂಜರದ ನೆತ್ತಿಯಿಂದ ಅಲ್ಲ, ಮೇಲಿನ ಕೋಲಿನ ಮೇಲೆ ಕೂತ ಹಕ್ಕಿಯ ತಲೆಯಿಂದ ಹಿಡಿಯಬೇಕು, ಏಕೆಂದರೆ ಜುಟ್ಟು ಎತ್ತಿ ಕೂತ ಹಕ್ಕಿ ಕೋಲಿಗಿಂತ ಆರೇಳು ಅಂಗುಲ ಮೇಲಿರುತ್ತದೆ. ಕೋಷ್ಟಕದ ಪ್ರಕಾರ ನನ್ನ ಟ್ಯೂಬಿಗೆ 12ರಿಂದ 18 ಅಂಗುಲ. ನಾನು 18ರಿಂದ ಶುರು ಮಾಡಿ, ಹತ್ತು ದಿನ ಹಕ್ಕಿಗಳ ಕಣ್ಣು ಗಮನಿಸಿ, ಆಮೇಲೆ 15ಕ್ಕೆ ಇಳಿಸಿ ಅಲ್ಲಿಯೇ ನಿಲ್ಲಿಸಿದೆ. ಟ್ಯೂಬ್ ಪಂಜರದ ಮೂರರಲ್ಲಿ ಎರಡು ಭಾಗದ ಮೇಲಷ್ಟೇ ಇದೆ. ಉಳಿದ ಒಂದು ಭಾಗದ ಮೇಲೆ ಹಳೆಯ ಧೋತ್ರದ ತುಂಡು ಹೊದಿಸಿದ್ದೇನೆ, ಬೇಡವೆನಿಸಿದಾಗ ಹಕ್ಕಿ ನೆರಳಿಗೆ ಸರಿಯಬೇಕು. ಅವು ಈ ಆಯ್ಕೆಯನ್ನು ಬಳಸುವ ರೀತಿ ನೋಡಿದರೆ ಮನಸ್ಸು ತುಂಬುತ್ತದೆ: ದೀಪ ಹೊತ್ತಿದ ಕೂಡಲೇ ಹೆಣ್ಣು ಹಕ್ಕಿ ಅದರ ನಟ್ಟನಡುವಿನ ಕೋಲಿಗೆ ಬಂದು ಒಂದು ರೆಕ್ಕೆಯನ್ನೂ ಅದೇ ಪಕ್ಕದ ಕಾಲನ್ನೂ ಉದ್ದಕ್ಕೆ ಚಾಚುತ್ತದೆ, ಮುಕ್ಕಾಲು ಗಂಟೆ ಗರಿ ತಿದ್ದಿಕೊಳ್ಳುತ್ತದೆ, ಆಮೇಲೆ ತಾನಾಗಿಯೇ ಧೋತ್ರದ ಕೆಳಗೆ ಹೋಗಿ ಕೂರುತ್ತದೆ.

ಯುವಿ ಟ್ಯೂಬ್ ದಿನವಿಡೀ ಉರಿಯಬೇಕಿಲ್ಲ, ಹಾಗಾಗಿ ಪಡಸಾಲೆಯ ಮಬ್ಬು ಕಳೆಯಲು ಬೇರೆಯಾಗಿ ಬಿಳಿ ಎಲ್‌ಇಡಿ ಬ್ಯಾಟನ್ ಬೇಕಾಯಿತು. ಬೆಂಗಳೂರು ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕ 20 ವ್ಯಾಟ್‌ನ, 6500 ಕೆಲ್ವಿನ್ನಿನ ಸಾಮಾನ್ಯ ಬ್ಯಾಟನ್ನೇ ಸಾಕು, ಇದರಿಂದ ಯುವಿ ಸಿಗುವುದಿಲ್ಲ ಎಂಬುದು ನೆನಪಿದ್ದರಾಯಿತು. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ನಮ್ಮ ಕರೆಂಟ್ 50 ಹರ್ಟ್ಜ್‌ನದು, ಹಳೆಯ ಚೋಕ್ ಹಾಕಿದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅಗ್ಗದ ಎಲ್‌ಇಡಿಗಳಲ್ಲೂ ಹಲವು ಹಾಗೆಯೇ. ನಮಗೆ ಅದು ತಿಳಿಯುವುದಿಲ್ಲ, ಆದರೆ ಹಕ್ಕಿಯ ಕಣ್ಣು ನಮಗಿಂತ ವೇಗದ ಮಿಣುಕನ್ನು ಗುರುತಿಸಬಲ್ಲದು. ಅಂಗಡಿಯಲ್ಲಿ ದೀಪ ಹೊತ್ತಿಸಿ ಮೊಬೈಲ್ ಕ್ಯಾಮೆರಾ ಹಿಡಿದರೆ, ಮಿಣುಕುವ ದೀಪದ ಬೆಳಕಿನಲ್ಲಿ ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ. ನಾನು ಐದು ಬ್ಯಾಟನ್ ಹಚ್ಚಿಸಿ ನೋಡಿ ಪಟ್ಟೆಯಿಲ್ಲದ ಒಂದನ್ನು ತಂದೆ, ಅಂಗಡಿಯ ಹುಡುಗನೂ ಬೇಸರಿಸದೆ ತೋರಿಸಿದ. ಯುವಿ ಟ್ಯೂಬಿಗೂ ಎಲೆಕ್ಟ್ರಾನಿಕ್ ಚೋಕ್ ಇರುವ ಪಟ್ಟಿಯೇ ಆಗಬೇಕು.

ಈ ಖರೀದಿಗಳಲ್ಲೆಲ್ಲ ನನ್ನ ಹಕ್ಕಿಗಳ ಆರೋಗ್ಯಕ್ಕೆ ಅತಿ ಹೆಚ್ಚು ನೆರವಾದದ್ದು ಟೈಮರ್ ಎಂದರೆ ನಂಬುವುದು ಕಷ್ಟ. ಟೈಮರ್ ಬರುವ ಮೊದಲು ನಮ್ಮ ಪಡಸಾಲೆಯ ದೀಪ ಆರುತ್ತಿದ್ದದ್ದು ಟಿ.ವಿ. ಮುಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ. ಬಳ್ಳಾರಿಯ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆಯ ಆಸುಪಾಸು; ನಾವು ಹಕ್ಕಿಗೆ 16 ಗಂಟೆಯ ಹಗಲನ್ನು ಕೊಡುತ್ತಿದ್ದೆವು. ಉದ್ದನೆಯ ಹಗಲು ಹೆಣ್ಣು ಹಕ್ಕಿಯ ಮೈಗೆ ಮೊಟ್ಟೆ ಇಡುವ ಕಾಲ ಬಂತೆಂದು ಹೇಳುತ್ತದೆ. ಗೂಡಿನ ಪೆಟ್ಟಿಗೆ ಇಲ್ಲದಿದ್ದರೂ ಪಂಜರದ ನೆಲದ ಮೇಲೆ ಅದು ಐದು ಮೊಟ್ಟೆ ಇಟ್ಟಿತು, ಒಂದೂವರೆ ತಿಂಗಳಲ್ಲಿ ಮತ್ತೆ ಆರು. ಕೊನೆಯ ಎರಡರ ಚಿಪ್ಪು ಬೆರಳು ತಾಗಿದರೆ ತಗ್ಗುವಷ್ಟು ತೆಳುವಾಗಿತ್ತು. ಪ್ರತಿ ಚಿಪ್ಪಿಗೂ ಸುಣ್ಣಾಂಶ ಹೋಗುವುದು ತಾಯಿಯ ಮೂಳೆಯಿಂದ, ಹೀಗೇ ಮುಂದುವರಿದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹಕ್ಕಿ ಸಾಯಬಹುದು ಎಂದು ಪಶುವೈದ್ಯರು ಎಚ್ಚರಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ, ರಾತ್ರಿ ದೀಪ ಎಷ್ಟು ಗಂಟೆಗೆ ಆರಿಸುತ್ತೀರಿ ಎಂಬುದು. ಈಗ ಬಿಳಿ ಬ್ಯಾಟನ್ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಯುವಿ ಟ್ಯೂಬ್ ಅದರ ನಡುವೆ ಹತ್ತರಿಂದ ಒಂದರವರೆಗೆ. ಆರೂವರೆಗೆ ಪಂಜರವನ್ನು ಚಕ್ರದ ಸ್ಟ್ಯಾಂಡಿನ ಮೇಲೆ ಹಿಂದಿನ ಕೋಣೆಗೆ ತಳ್ಳಿ ಗಾಳಿಯಾಡುವ ಬಟ್ಟೆ ಹೊದಿಸುತ್ತೇವೆ. ಸುಣ್ಣಾಂಶಕ್ಕೆ ಔಷಧವನ್ನೂ ಕೊಟ್ಟರು, ನಿಜ, ಆದರೆ ಮೊಟ್ಟೆ ನಿಂತದ್ದು ಹಗಲು ಚಿಕ್ಕದಾದ ಮೇಲೆಯೇ. ಎಂಟು ತಿಂಗಳಿಂದ ಒಂದೂ ಇಲ್ಲ.

ಟೈಮರ್ ಕೊಳ್ಳುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸುತ್ತಲೂ ಸಣ್ಣ ಹಲ್ಲುಗಳಿದ್ದು ಗಡಿಯಾರದಂತೆ ತಿರುಗುವ ಅಗ್ಗದ ಟೈಮರ್ ಕರೆಂಟ್‌ನಿಂದಲೇ ತಿರುಗುತ್ತದೆ. ಕರೆಂಟ್ ಹೋದಷ್ಟು ಹೊತ್ತು ನಿಂತು ಅಷ್ಟೇ ಹಿಂದೆ ಬೀಳುತ್ತದೆ. ಬೇಸಿಗೆಯ ಒಂದು ವಾರದಲ್ಲಿ ಅದು ಮೂರು ಗಂಟೆ ಹಿಂದೆ ಬಿದ್ದು, ದೀಪ ರಾತ್ರಿ ಒಂಬತ್ತರವರೆಗೆ ಉರಿಯತೊಡಗಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ ಈ ತೊಂದರೆಯಿಲ್ಲ.

ಕತ್ತಲೆಯ ವಿಷಯದಲ್ಲಿ ಕಾಕಟೀಲ್‌ಗಳದು ಒಂದು ವಿಶೇಷ ಸ್ವಭಾವ. ನಡುರಾತ್ರಿ ಸಣ್ಣ ಸದ್ದಿಗೂ ಬೆಚ್ಚಿ, ಏನೂ ಕಾಣದೆ ರೆಕ್ಕೆ ಬಡಿದು ತಂತಿಗೆ ಅಪ್ಪಳಿಸಿ ಗಾಯ ಮಾಡಿಕೊಳ್ಳುತ್ತವೆ. ಅದಕ್ಕಾಗಿ ಕೋಣೆಯ ಮೂಲೆಯಲ್ಲಿ, ಪಂಜರಕ್ಕೆ ನೇರವಾಗಿ ಬೀಳದಂತೆ, ಒಂದು ಝೀರೋ ಬಲ್ಬ್ ಇಟ್ಟಿದ್ದೇವೆ. ಅದನ್ನು ಇನ್ವರ್ಟರ್ ಲೈನಿಗೆ ಕೊಡಿಸಿದ್ದು ಒಳ್ಳೆಯದಾಯಿತು.

ಶಾಖ ಕೊಡುವ ಬಲ್ಬುಗಳನ್ನೂ ಕೆಲವರು ಪಂಜರಕ್ಕೆ ಹಾಕುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಆರೋಗ್ಯವಂತ ಹಕ್ಕಿಗೆ ಅದರ ಅಗತ್ಯವೇ ಇಲ್ಲ. ಹಕ್ಕಿಗೆ ಬೆವರುವ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಅದಕ್ಕೆ ಸೆಕೆಯಾಗುತ್ತಿದೆ ಎಂದೇ ಅರ್ಥ, ಕೂಡಲೇ ದೀಪ ಆರಿಸಬೇಕು. ಒಡೆದರೂ ಚೂರಾಗದಂತೆ ಟೆಫ್ಲಾನ್ ಲೇಪ ಕೊಟ್ಟ ಬಲ್ಬುಗಳಂತೂ ಹಕ್ಕಿಯಿರುವ ಮನೆಗೇ ಬೇಡ. ಕಾದ ಲೇಪದಿಂದ ಹೊರಡುವ ಹೊಗೆ ನಮಗೆ ವಾಸನೆಯೂ ಬಾರದಂತೆ ಹಕ್ಕಿಯ ಪುಪ್ಪುಸಕ್ಕೆ ವಿಷವಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೂ, ಮಾಳಿಗೆಯ ಬಿಸಿಲಿಗೆ ಈ ಟ್ಯೂಬ್ ಸಮವಲ್ಲ ಎಂಬುದನ್ನು ಹೇಳಲೇಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ನಾನು ಬೆಳಿಗ್ಗೆ ಎಂಟೂವರೆಯ ನಂತರ ಅರ್ಧ ಗಂಟೆ ಪಂಜರವನ್ನು ಮಾಳಿಗೆಗೆ ಒಯ್ಯುತ್ತೇನೆ, ಅರ್ಧ ಪಂಜರಕ್ಕೆ ನೆರಳು ಮಾಡಿ, ಹದ್ದು ಮತ್ತು ಬೆಕ್ಕಿನ ಭಯಕ್ಕೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಸೂರ್ಯ ಆಗಷ್ಟೇ ಹುಟ್ಟಿದಾಗಿನ ಬಿಸಿಲು ಹಿತವಾಗಿರುತ್ತದೆ, ಆದರೆ ಅದರಲ್ಲಿ ಯುವಿ-ಬಿ ಬಹಳ ಕಡಿಮೆ. ಮಾಳಿಗೆಗೆ ಒಯ್ದ ದಿನ ಟ್ಯೂಬ್ ಹಚ್ಚುವುದಿಲ್ಲ. ದಿನವೂ ಹೀಗೆ ಬಿಸಿಲು ಕಾಯಿಸಲು ಸಮಯವಿರುವವರಿಗೆ ಯುವಿ ಟ್ಯೂಬ್ ಕೊಳ್ಳಿರೆಂದು ನಾನು ಹೇಳುವುದಿಲ್ಲ, ಟೈಮರ್ ಮತ್ತು ಬ್ಯಾಟನ್ ಸಾಕು. ಬೇಸಿಗೆಯ ಮೂರು ತಿಂಗಳು ಮನೆ ಮುಚ್ಚಿಕೊಳ್ಳುವವರಿಗೆ, ಕೆಲಸಕ್ಕೆ ಹೋಗುವವರಿಗೆ, ಮಾಳಿಗೆಯಿಲ್ಲದ ಬಾಡಿಗೆ ಮನೆಯವರಿಗೆ ಅದು ಬೇಕು. ನಮ್ಮ ಊರಿನಲ್ಲಿ ಲವ್ ಬರ್ಡ್ಸ್ ಎಂದು ಕರೆಯುವ ಬಜರಿಗಾರ್‌ಗಳಿಗೂ ಇದೇ ಏರ್ಪಾಡು ನಡೆಯುತ್ತದೆ. ನಮ್ಮ ನಾಡಿನ ಹಸಿರು ಗಿಳಿಗೆ ಯಾವ ದೀಪ ಎಂದು ಒಬ್ಬರು ಕೇಳಿದ್ದರು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಪಂಜರದಲ್ಲಿ ಇಡುವುದೇ ಅಪರಾಧ.

ಖರ್ಚಿನ ಲೆಕ್ಕ ದೊಡ್ಡದಲ್ಲ. ದಿನಕ್ಕೆ ಮೂರು ಗಂಟೆ ಟ್ಯೂಬ್, ಹತ್ತು ಗಂಟೆ ಬ್ಯಾಟನ್ ಉರಿದರೆ ಎರಡೂ ಸೇರಿ ತಿಂಗಳಿಗೆ ಎಂಟು ಯೂನಿಟ್ ಆಗುತ್ತದೆ. ನಿಜವಾದ ಖರ್ಚು ಟ್ಯೂಬ್ ಬದಲಿಸುವುದು. ಟ್ಯೂಬ್ ಮೊದಲಿನಂತೆಯೇ ಬೆಳಗುತ್ತಿದ್ದರೂ ಅದರ ಯುವಿ ತಿಂಗಳು ತಿಂಗಳಿಗೂ ಇಳಿಯುತ್ತದೆ, ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ಡಬ್ಬಿಯಲ್ಲಿ 12 ತಿಂಗಳೆಂದು ಬರೆದಿದ್ದರಿಂದ ಈ ಫೆಬ್ರವರಿಯಲ್ಲಿ ಉರಿಯುತ್ತಿದ್ದ ಟ್ಯೂಬನ್ನೇ ತೆಗೆದು ಹೊಸದು ಹಾಕಿದೆ. ಹಳೆಯದನ್ನು ಕಸಕ್ಕೆ ಎಸೆದು ಒಡೆಯಬಾರದು, ಒಳಗೆ ಪಾದರಸವಿದೆ. ಹೊಸ ಟ್ಯೂಬಿನ ಲೋಹದ ತುದಿಯ ಮೇಲೆ ಹಾಕಿದ ತಾರೀಖನ್ನು ಮಾರ್ಕರ್‌ನಿಂದ ಬರೆದಿದ್ದೇನೆ. ಪ್ರತಿ ಭಾನುವಾರ ಪ್ಲಗ್ ತೆಗೆದು, ಟ್ಯೂಬ್ ಪೂರ್ತಿ ತಣ್ಣಗಾದ ಮೇಲೆ ಒಣಬಟ್ಟೆಯಿಂದ ಒರೆಸುತ್ತೇನೆ. ಬಟ್ಟೆಗೆ ಪ್ರತಿ ವಾರವೂ ಕೆಂಪು ಹತ್ತುತ್ತದೆ.